ಸಿಹಿನೀರಿಗೆ ಬೀಗ

ಬಂದರು ಕ್ಯಾಂಪು
19 ನವೆಂಬರ್ 1967

ಅಕ್ಕನಿಗೆ ಸಂಜೀವ ಮಾಡುವ ನಮಸ್ಕಾರ.

ನಾನೂ ಅನುಸೂಯಳೂ ಆರೋಗ್ಯವಾಗಿದ್ದೇವೆ. ಮೀನಿನ ವಾಸನೆ ತಡೆಯಲಾರದೆ ನಿನ್ನ ನಾದಿನಿ ಮೂಗಿಗೆ ಸೆರಗು ಹಿಡಿದುಕೊಂಡೇ ಅಡಿಗೆ ಮಾಡುತ್ತಾಳೆ, ಅದೊಂದು ಬಿಟ್ಟರೆ ಬೇರೆ ಕಷ್ಟವಿಲ್ಲ. ನಾನು ಬರೆಯಲಿಲ್ಲ ಅಂತ ನೀನು ಬೈಯುತ್ತಿರುತ್ತೀಯ. ಬೈದು ಮುಗಿಸಿದ ಮೇಲೆ ಮುಂದೆ ಓದು.

ಕಂಟ್ರಾಕ್ಟರು ನನ್ನನ್ನು ಸೂಪರ್‌ವೈಸರ್ ಮಾಡಿದ್ದಾರೆ. ಇಲ್ಲಿ ಬ್ರಿಟಿಷರ ಕಾಲದ ಒಂದು ಧಕ್ಕೆ ಇದೆ. ಧಕ್ಕೆ ಅಂದರೆ ನಿನಗೆ ಹೇಗೆ ಹೇಳಲಿ, ದಡದಿಂದ ಸಮುದ್ರದೊಳಕ್ಕೆ ಕಟ್ಟಿದ ಸೇತುವೆ, ಆದರೆ ಆಚೆ ದಡ ಇರುವುದಿಲ್ಲ. ನಡುನೀರಿನಲ್ಲೇ ಮುಗಿದುಹೋಗುತ್ತದೆ. ಹಡಗು ಅದರ ಪಕ್ಕಕ್ಕೆ ಬಂದು ನಿಂತರೆ ಸರಕು ತುಂಬುತ್ತಾರೆ. ಹಿಂದೆಲ್ಲ ಹೆಂಚು, ಮರ ತುಂಬಿಕೊಂಡು ಹೋಗುವ ಸಣ್ಣ ಹಡಗುಗಳು ಬರುತ್ತಿದ್ದವು. ಈಗ ಕಬ್ಬಿಣದ ಅದಿರು ಒಯ್ಯುವ ಹಡಗು ಬರಬೇಕಂತೆ, ಒಂದೊಂದೂ ನಿಮ್ಮೂರ ಸಂತೆಬೀದಿಯಷ್ಟು ಉದ್ದ. ಅಂಥದ್ದು ಬಂದು ಒರಗಿದರೆ ಹಳೆಯ ಕಂಬಗಳು ತಡೆಯುವುದಿಲ್ಲ. ಅದಕ್ಕೆ ನೀರಿನಲ್ಲಿ ನಿಂತಿರುವ ಪ್ರತಿ ಕಂಬದ ಸುತ್ತಲೂ ಕಬ್ಬಿಣದ ಕಂಬಿ ಕಟ್ಟಿ, ಹೊಸ ಕಾಂಕ್ರೀಟು ಸುರಿದು, ಮಕ್ಕಳಿಗೆ ಅಂಗಿ ತೊಡಿಸಿದ ಹಾಗೆ ದಪ್ಪ ಮಾಡಬೇಕು. ಸಮುದ್ರ ಇಳಿದಿರುವ ಹೊತ್ತಿನಲ್ಲಿ ಮಾತ್ರ ಕೆಲಸ, ಏರಿದರೆ ಎಲ್ಲ ಬಿಟ್ಟು ಮೇಲೆ ಬರಬೇಕು.

ಮಳೆಗಾಲಕ್ಕೆ ಮುಂಚೆ ಇದನ್ನು ಮುಗಿಸಿಕೊಟ್ಟರೆ ನನ್ನನ್ನು ಖಾಯಂ ಮಾಡುತ್ತಾರಂತೆ. ಆದರೆ ಕಾಂಕ್ರೀಟು ಕಲಸುವ ಜಾಗದಲ್ಲಿ ನಂಬಿಕೆಯ ಮನುಷ್ಯ ಒಬ್ಬನೂ ಇಲ್ಲ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸಿಮೆಂಟು ಮೂಟೆ ಮಾಯ. ಭಾವನನ್ನು ಕಳಿಸಿಕೊಡು. ಬಾವಿಗೆ ಕಲ್ಲು ಕಟ್ಟಿ ಕಟ್ಟಿ ಅವರ ಕೈ ಪಳಗಿದೆ, ಕಲಸುವುದು ಅವರಿಗೆ ಹೊಸದಲ್ಲ. ಗೊತ್ತಿರುವ ಹೆಣ್ಣಾಳುಗಳು ಇದ್ದರೆ ಅವರನ್ನೂ ಕರೆದುಕೊಂಡು ಬರಲಿ. ಇಲ್ಲ ಅನ್ನಬೇಡ.

ನಿನ್ನ ತಮ್ಮ
ಸಂಜೀವ

*

ದೊಡ್ಡಬೆಳವಂಗಲ
3 ಡಿಸೆಂಬರ್ 1967

ಲೋ ಸಂಜೀವ,

ಆಶೀರ್ವಾದ. ಕೆಲಸ ಬಿದ್ದಾಗ ಮಾತ್ರ ಅಕ್ಕನ ವಿಳಾಸ ನಿನ್ನ ನೆನಪಿಗೆ ಬರುತ್ತದೆ. ನನ್ನ ನಾಲ್ಕನೇ ಕ್ಲಾಸಿನ ಅಕ್ಷರ ನೋಡಿ ನಗಬೇಡ. ನಮ್ಮ ತವರೂರು ಆವತಿಯಲ್ಲಿ ನಿನ್ನನ್ನು ಒಂದು ಸೊಂಟದ ಮೇಲೆ, ಬಿಂದಿಗೆಯನ್ನು ಇನ್ನೊಂದು ಸೊಂಟದ ಮೇಲೆ ಹೊತ್ತುಕೊಂಡು ಬೆಟ್ಟದ ಕೆಳಗಿನ ಬಾವಿಯಿಂದ ಬರುತ್ತಿದ್ದವಳಿಗೆ ಇಸ್ಕೂಲಿಗೆ ಹೋಗಲು ಪುರಸೊತ್ತು ಎಲ್ಲಿತ್ತು? ಅಮ್ಮ ಹೋದ ಮೇಲೆ ನೀನು ಓದಬೇಕು ಅಂತ ನಾನು ಬಿಟ್ಟೆ, ಅಷ್ಟೆ.

ನಿಮ್ಮ ಭಾವ ನಿನ್ನ ಕಾಗದ ಕೇಳಿದ ಕೂಡಲೇ ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡರು. "ಹುಡ್ಗ ಕರ್ದವ್ನೆ, ಹೋಗ್ಲೇಬೇಕು" ಅಂದರು. ನಿನಗೆ ಮೂವತ್ತು ದಾಟಿದೆ, ಅವರಿಗೆ ನೀನಿನ್ನೂ ಹುಡುಗನೇ. ಪಿಳ್ಳಮ್ಮನೂ ಅವಳ ಮಗಳೂ ಜೊತೆಗೆ ಬರುತ್ತಾರೆ. ಮಗಳ ಕಂಕುಳಲ್ಲಿ ಕೂಸಿದೆ, ಬಿಟ್ಟು ಬರುವಂತಿಲ್ಲ. ಅವರಿಗೆ ಸರಿಯಾಗಿ ಜಾಗ ಮಾಡಿಕೊಡು. ದೇವನಹಳ್ಳಿ ಕಡೆಯ ಚಕ್ಕೋತ ಎರಡು ಇಟ್ಟಿದ್ದೇನೆ, ಅನುಸೂಯಳಿಗೆ ಕೊಡು, ನೀನೇ ತಿಂದು ಮುಗಿಸಬೇಡ.

ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ನನ್ನ ಮೇಲೆ ರೇಗಬೇಡ. ನಿಮ್ಮ ಭಾವನ ಕಟ್ಟಳೆ ನಿನಗೆ ಗೊತ್ತಲ್ಲ. ಬಾವಿಯಲ್ಲಿ ನೀರು ಬಿದ್ದ ದಿನ ಮೊದಲ ಬಿಂದಿಗೆಯನ್ನು ಗಾರೆಗೆ ಮುಟ್ಟಿಸುವುದಿಲ್ಲ. ತೋಡಿದವರು, ಮಣ್ಣು ಹೊತ್ತವರು, ದಾರಿಯಲ್ಲಿ ಹೋಗುವವರು, ಎಲ್ಲರೂ ಕುಡಿಯಬೇಕು. ಆಮೇಲೆ ಗಾರೆ ಕಲಸಲು ನೀರು. ಅವರ ಅಪ್ಪನೂ ಹಾಗೇ, ಅಜ್ಜನೂ ಹಾಗೇ. ಒಂದು ಸಲ ನೆಲಮಂಗಲದ ಹತ್ತಿರ ಒಬ್ಬ ಜಮೀನ್ದಾರ ಆಳುಗಳಿಗೆ ನೀರು ಕೊಡಲು ತಡ ಮಾಡಿದ ಅಂತ ಅರ್ಧ ಕಟ್ಟಿದ ಬಾವಿ ಬಿಟ್ಟು ಎದ್ದು ಬಂದಿದ್ದರು. ನಿನ್ನ ಕಂಟ್ರಾಕ್ಟರಿಗೆ ಇದನ್ನೆಲ್ಲ ಮೊದಲೇ ಹೇಳಿಬಿಡು.

ಕಳಿಸಿದ ಹಾಗೆ ವಾಪಸು ಕಳಿಸು.

ನಿನ್ನ ಅಕ್ಕ
ಮುನಿತಾಯಮ್ಮ

*

ಬಂದರು ಕ್ಯಾಂಪು
11 ಫೆಬ್ರವರಿ 1968

ಅಕ್ಕನಿಗೆ ನಮಸ್ಕಾರ.

ಭಾವ ಬಂದ ಮೇಲೆ ನನ್ನ ಎದೆಯ ಭಾರ ಇಳಿಯಿತು. ಒಂದು ಚಮಚ ಸಿಮೆಂಟೂ ಆಚೆ ಹೋಗುತ್ತಿಲ್ಲ. ಬಂದ ದಿನದ ಕಥೆ ಕೇಳು. ನೇರ ಸಮುದ್ರದ ಹತ್ತಿರ ಹೋಗಿ ಬೊಗಸೆಯಲ್ಲಿ ನೀರು ಎತ್ತಿ ಬಾಯಿಗೆ ಹಾಕಿಕೊಂಡರು. ಥೂ ಅಂತ ಉಗಿದು, "ಇಷ್ಟೊಂದು ನೀರಿಟ್ಕಂಡು ಒಂದ್ ಗುಟುಕು ಕುಡಿಯಂಗಿಲ್ವಲ್ಲೋ, ಯಾವ್ ಸೀಮೆ ದೇವ್ರಪ್ಪ ಇದು" ಅಂತ ಸಮುದ್ರಕ್ಕೇ ಬೈದರು. ಮೀನುಗಾರರು ಬಿದ್ದೂ ಬಿದ್ದೂ ನಕ್ಕರು. ಈಗ ಅವರನ್ನು ಎಲ್ಲರೂ ಬಾವಿ ಮೇಸ್ತ್ರಿ ಅಂತಲೇ ಕರೆಯುವುದು.

ಮಿಷನ್ನಿನಲ್ಲಿ ಕಲಸುವ ಕಾಂಕ್ರೀಟಿಗೆ ಸಿಹಿನೀರೇ ಆಗಬೇಕು ಅಂತ ಇಂಜಿನಿಯರು ಹೇಳಿದ್ದಾರೆ. ಊರಾಚೆಯ ಬಾವಿಯಿಂದ ಗಾಡಿಯಲ್ಲಿ ಪೀಪಾಯಿ ಪೀಪಾಯಿ ತರಿಸುತ್ತೇವೆ. ಕುಡಿಯುವುದಕ್ಕೂ ಅದರಲ್ಲೇ ಪಾಲು. ಬಿಸಿಲು ಏರಿದ ಹಾಗೆ ಬಾವಿ ಇಳಿಯುತ್ತಿದೆ, ಗಾಡಿಗಳೂ ಕಡಿಮೆಯಾಗಿವೆ. "ಮೊದಲು ಮಿಷನ್ನಿಗೆ, ಮಿಕ್ಕಿದ್ದು ಜನಕ್ಕೆ" ಅಂತ ಕಂಟ್ರಾಕ್ಟರ ಆರ್ಡರು. ನಿನ್ನೆ ಭಾವ ಪೀಪಾಯಿ ಮುಂದೆ ಸುಮ್ಮನೆ ನಿಂತಿದ್ದರು. ಏನು ಭಾವ ಅಂದೆ. "ನೀರ್ ಬಗ್ಸೋವಾಗ ಎದೆ ಚುರ್ ಅಂತದೆ ಕಣಪ್ಪಾ. ಹೆಂಗಸ್ರು ಅಲ್ ಕೊಡ ಹಿಡ್ಕಂಡು ಕೂತವ್ರೆ" ಅಂದರು. ನಾಲ್ಕು ದಿನ ಹೋದರೆ ಅಭ್ಯಾಸವಾಗುತ್ತದೆ ಅಂದೆ. ನಿನ್ನ ಕಾಗದದಲ್ಲಿ ಬರೆದಿದ್ದ ಕಟ್ಟಳೆಯನ್ನು ಕಂಟ್ರಾಕ್ಟರಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾರೆ.

ಅನುಸೂಯ ಚಕ್ಕೋತವನ್ನು ಒಬ್ಬಳೇ ತಿಂದಳು. ಸಾಕ್ಷಿಗೆ ಬೇಕಾದರೆ ಸಿಪ್ಪೆ ಇದೆ.

ಸಂಜೀವ

*

ದೊಡ್ಡಬೆಳವಂಗಲ
22 ಏಪ್ರಿಲ್ 1968

ಸಂಜೀವ,

ಪಿಳ್ಳಮ್ಮನ ಮೊಮ್ಮಗಳು ಹೋಯಿತಂತಲ್ಲೋ. ನಿಮ್ಮ ಕಡೆಯಿಂದ ಬಂದ ಆಳುಗಳು ಹೇಳಿದರು. ಕುಡಿಯಲು ನೀರು ಸಾಲದೆ ಮರಳಿನಲ್ಲಿ ಗುಂಡಿ ತೋಡಿ, ಆ ಸವುಳು ನೀರು ಕುಡಿಯುತ್ತಿದ್ದರಂತೆ. ವಾಂತಿಭೇದಿ ಆಗಿ ಎರಡೇ ದಿನಕ್ಕೆ ಕಣ್ಣು ಗುಡ್ಡೆ ಒಳಗೆ ಹೋಗಿ ಮುಗಿಯಿತಂತೆ. ಇಲ್ಲಿಂದ ಹೊರಡುವ ದಿನ ಆ ಕೂಸು ನನ್ನ ಬಳೆ ಹಿಡಿದುಕೊಂಡು ಬಿಟ್ಟಿರಲಿಲ್ಲ. ಬಿಡಿಸಿ ಕಳಿಸಿದ್ದೆ.

ನೀನು ನನಗೆ ಒಂದು ಸಾಲು ಬರೆಯಲಿಲ್ಲ. ನಿಮ್ಮ ಭಾವನಿಗೆ ಬರೆಯಲು ಬರುವುದಿಲ್ಲ, ನಿನಗೆ ಬರುತ್ತದೆ. ಅಲ್ಲಿ ಸೂಪರ್‌ವೈಸರ್ ಅಂತ ಇರುವವನು ನೀನು ತಾನೆ? ಇನ್ನೊಂದು ಗಾಡಿ ಹೆಚ್ಚು ಕಳಿಸಿ ಅಂತ ಬಾಯಿ ಬಿಟ್ಟು ಕೇಳಲು ಏನು ಧಾಡಿ ನಿನಗೆ? ಕೇಳಿದರೆ ಖಾಯಂ ಆಗುವುದು ತಪ್ಪುತ್ತದೆಯೇ?

ನಿಮ್ಮ ಭಾವ ಹೇಗಿದ್ದಾರೆ ಅಂತ ಕೂಡಲೇ ಬರಿ. ನನಗೆ ಅನ್ನ ಇಳಿಯುತ್ತಿಲ್ಲ.

ಮುನಿತಾಯಮ್ಮ

*

ಬಂದರು ಕ್ಯಾಂಪು
2 ಜೂನ್ 1968

ಅಕ್ಕನಿಗೆ ನಮಸ್ಕಾರ.

ಕೆಲಸದ ಒತ್ತಡದಲ್ಲಿ ಉತ್ತರ ತಡವಾಯಿತು. ಮಗುವಿನ ವಿಷಯ ನಮಗೂ ಬಹಳ ಬೇಜಾರಾಯಿತು. ಕ್ಯಾಂಪುಗಳಲ್ಲಿ ಇಂಥದ್ದು ಆಗುತ್ತದೆ, ಯಾರ ಕೈಯಲ್ಲೂ ಇಲ್ಲ.

ಅದಾದ ಮೇಲೆ ನೀರಿನ ತಾಪತ್ರಯ ನಿಂತಿತು. ಹೆಂಗಸರೆಲ್ಲ ಕೊಡ ತುಂಬಿಸಿಕೊಂಡು ಹೋಗುತ್ತಿದ್ದಾರೆ. ಭಾವ ಏನೋ ಏರ್ಪಾಡು ಮಾಡಿದರು, ನಾನು ಆ ಕಡೆ ತಲೆಹಾಕಲಿಲ್ಲ. ಕೆಲಸವೂ ನಿಲ್ಲಲಿಲ್ಲ. ಮಳೆ ಹಿಡಿಯುವುದಕ್ಕೆ ಮುಂಚೆಯೇ ಕೊನೆಯ ಕಂಬಕ್ಕೂ ಅಂಗಿ ತೊಡಿಸಿದೆವು. ಇಂಜಿನಿಯರು ಸುತ್ತಿಗೆಯಿಂದ ಬಡಿದು ನೋಡಿ ಶಹಬ್ಬಾಸ್ ಅಂದರು. ಕಂಟ್ರಾಕ್ಟರು ಎಲ್ಲರ ಮುಂದೆ ನನಗೆ ಕೈಗಡಿಯಾರ ಕಟ್ಟಿದರು.

ಭಾವ ಮುಂದಿನ ವಾರ ಹೊರಡುತ್ತಾರೆ. ಕಳಿಸಿದ ಹಾಗೇ ವಾಪಸು ಕಳಿಸುತ್ತಿದ್ದೇನೆ, ನೋಡಿಕೋ.

ಸಂಜೀವ

*

ದೊಡ್ಡಬೆಳವಂಗಲ
5 ಸೆಪ್ಟೆಂಬರ್ 1968

ಚಿರಂಜೀವಿ ಸಂಜೀವನಿಗೆ,

ಗೌರಿಹಬ್ಬದ ಬಾಗಿನ ಬಂತು. ಮೊರದ ತುಂಬ ಬಳೆ, ಕುಂಕುಮ, ರವಿಕೆ ಕಣ, ಕಾಯಿ. ತವರಿನ ಬಾಗಿನ ಬಂದ ದಿನ ಮುದುಕಿಯೂ ಚಿಕ್ಕ ಹುಡುಗಿಯಾಗುತ್ತಾಳೆ, ನನ್ನನ್ನು ಕೇಳಬೇಕೇ. ಬೀದಿಯವರಿಗೆಲ್ಲ ಮೊರ ತೋರಿಸಿಕೊಂಡು ಬಂದೆ. ಅಮ್ಮ ಇಲ್ಲದಿದ್ದರೂ ತವರು ಇದೆ ಅಂತ ಅಳು ಬಂತು.

ಏಪ್ರಿಲ್‌ನಲ್ಲಿ ನಿನಗೆ ಬಿರುಸಾಗಿ ಬರೆದೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ನಿಮ್ಮ ಭಾವ ಬಂದವರು ಬಹಳ ದಿನ ಮಂಕಾಗಿದ್ದರು. ಕೊನೆಗೆ ಬಾಯಿ ಬಿಟ್ಟರು. "ಆ ಮಗೂನ ಮಣ್ ಮಾಡಿ ಬಂದ್ ಮೇಲೆ, ಸಿಹಿನೀರ್ನ ಸಿಮೆಂಟ್‌ಗೆ ಹುಯ್ಯಕ್ಕೆ ನನ್ ಕೈ ಏಳ್ಲಿಲ್ಲ ಕಣೆ. ಪೀಪಾಯಿನೆಲ್ಲ ಹೆಂಗಸ್ರಿಗೆ ಬಿಟ್ಬಿಟ್ಟೆ. ಮಿಷನ್ನಿಗೆ ಸಮುದ್ರದ್ ನೀರೇ ಎತ್ತಿ ಹುಯ್ದೆ. ಗಟ್ಟಿಯಾಗೇ ಕೂತ್ಕಂತು" ಅಂದರು.

ಸಂಜೀವಂಗೆ ಗೊತ್ತಾ ಅಂತ ಕೇಳಿದೆ. "ಗೊತ್ತಿಲ್ದೆ ಏನು? ಒಂದಿನ ಬಂದು ನಿಂತ್ಕಂಡು ನೋಡ್ದ. ಸಮುದ್ರದಿಂದ ಬಕೀಟು ಮೇಲಕ್ಕೆ ಬರ್ತಿತ್ತು. ಏನೂ ಅನ್ಲಿಲ್ಲ. ನನ್ ಚೊಂಬು ಇಸ್ಕಂಡು, ಪೀಪಾಯಿ ನೀರು ಹೊಟ್ಟೆ ತುಂಬ ಕುಡ್ದು, ಬಾಯಿ ಒರೆಸ್ಕಂಡು ಹೋದ" ಅಂದರು. ಅದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಗೊತ್ತೇ? ಗೊತ್ತಿದ್ದೂ ತಡೆಯಲಿಲ್ಲವಲ್ಲ, ನನ್ನ ತಮ್ಮ ಮನುಷ್ಯ ಅಂದುಕೊಂಡೆ.

ಆದರೆ ಅವರಿಗೆ ಒಂದು ಕೊರಗು ಇದೆ. ಉಪ್ಪುನೀರಿನಲ್ಲಿ ಕಲಸಿದ್ದು ಒಳಗಿನ ಕಂಬಿಯನ್ನು ತಿನ್ನುತ್ತದೆಯೋ ಏನೋ ಅಂತ. ನೀನು ಓದಿದವನು. ಇಂಜಿನಿಯರ ಹತ್ತಿರ ಮೆಲ್ಲಗೆ ಹೇಳಿ, ಈಗಲೇ ಸರಿಮಾಡಲು ಆಗುತ್ತದೆಯೇ ಕೇಳು. ಕುಡಿಯಲು ನೀರಿರಲಿಲ್ಲ ಅಂತಲೂ ಹೇಳು. ತಪ್ಪದೆ ಉತ್ತರ ಬರಿ, ಅವರು ಪೋಸ್ಟಿನವನನ್ನು ಕಾಯುತ್ತಾ ಕೂರುತ್ತಾರೆ.

ನಿನ್ನ ಅಕ್ಕ
ಮುನಿತಾಯಮ್ಮ

*

ಬಂದರು ಕಾಮಗಾರಿ ಕಚೇರಿ
16 ಫೆಬ್ರವರಿ 1970

ದೊಡ್ಡಬೆಳವಂಗಲದ ವಾಸಿ ಜವರಪ್ಪನವರ ಹೆಂಡತಿ ಮುನಿತಾಯಮ್ಮನವರಿಗೆ,

ಈ ಮೂಲಕ ತಿಳಿಸುವುದೇನೆಂದರೆ, ಕಳೆದ ತಿಂಗಳು ಅದಿರಿನ ಮೊದಲ ದೊಡ್ಡ ಹಡಗು ಧಕ್ಕೆಗೆ ಬಂದು ಒರಗಿದಾಗ ಕಂಬಗಳ ಹೊಸ ಕಾಂಕ್ರೀಟು ಬಿರಿದು ದೊಡ್ಡ ದೊಡ್ಡ ಚೂರುಗಳಾಗಿ ನೀರಿಗೆ ಬಿದ್ದಿದೆ. ಒಳಗಿನ ಕಂಬಿಗಳು ತುಕ್ಕು ಹಿಡಿದು ಪುಡಿಯಾಗಿರುವುದು ಕಂಡುಬಂದಿದೆ. ಹಡಗನ್ನು ಖಾಲಿಯಾಗಿಯೇ ವಾಪಸು ಕಳಿಸಬೇಕಾಯಿತು. ಕಾಂಕ್ರೀಟಿನ ಚೂರನ್ನು ಪರೀಕ್ಷೆ ಮಾಡಿ, ಸಮುದ್ರದ ನೀರಿನಲ್ಲಿ ಕಲಸಿದ್ದಾರೆಂದು ವರದಿ ಬಂದಿದೆ. ಸದರಿ ಕೆಲಸದ ಉಸ್ತುವಾರಿ ನಿಮ್ಮ ಯಜಮಾನರದಾಗಿತ್ತು. ಇದು ನನ್ನ ಗಮನಕ್ಕೆ ಬಂದಿರಲಿಲ್ಲ.

ಏಪ್ರಿಲ್ ಮೊದಲ ವಾರ ವಿಚಾರಣೆ ಇದೆ. ಅವರು ಹಾಜರಾಗಿ, ಯಾರಿಗೂ ತಿಳಿಸದೆ ತಾವೇ ಮಾಡಿದ್ದೆಂದು ಹೇಳಿಕೆ ಕೊಡಬೇಕು. ಬಾರದಿದ್ದರೆ ಪೊಲೀಸು ಕೇಸಾಗುತ್ತದೆ.

ಅಕ್ಕ, ಕೋಪ ಮಾಡಿಕೊಳ್ಳಬೇಡ. ನನಗೆ ಖಾಯಂ ಆಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಅನುಸೂಯ ಬಸುರಿ. ನನ್ನ ಹೆಸರು ಬಂದರೆ ಮತ್ತೆಲ್ಲೂ ಕೆಲಸ ಸಿಗುವುದಿಲ್ಲ. ಭಾವನಿಗೆ ಊರಿನಲ್ಲಿ ಬಾವಿ ಕೆಲಸ ಇದ್ದೇ ಇದೆ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ಇಂತಿ
ಸಂಜೀವಪ್ಪ, ಸೂಪರ್‌ವೈಸರ್

*

ದೊಡ್ಡಬೆಳವಂಗಲ
1 ಮಾರ್ಚ್ 1970

ಸೂಪರ್‌ವೈಸರ್ ಸಂಜೀವಪ್ಪನವರಿಗೆ,

ಗಮನಕ್ಕೆ ಬಂದಿರಲಿಲ್ಲವೇ? ಚೊಂಬು ಎತ್ತಿ ಗಟಗಟ ಕುಡಿದಾಗ ನಿನ್ನ ಗಮನ ಎಲ್ಲಿಗೆ ಹೋಗಿತ್ತೋ? ಅಷ್ಟು ದಿನ ಪೀಪಾಯಿ ತುಂಬ ನೀರು ಹೇಗೆ ಉಳಿಯಿತು ಅಂತ ಓದಿದವನಿಗೆ ಯೋಚನೆ ಬರಲಿಲ್ಲವೇ? ಒಂದೂವರೆ ವರ್ಷದ ಹಿಂದೆಯೇ ನಾನು ಕೈ ಮುಗಿದು ಬರೆದಿದ್ದೆ, ಇಂಜಿನಿಯರಿಗೆ ಹೇಳು, ಸರಿಮಾಡಿಸು ಅಂತ. ನೀನು ಉತ್ತರವನ್ನೇ ಬರೆಯಲಿಲ್ಲ. ಅವರು ಬಾಗಿಲಲ್ಲಿ ಕೂತು ಪೋಸ್ಟಿನವನಿಗಾಗಿ ಕಾದೂ ಕಾದೂ ಕೊನೆಗೆ ಕೇಳುವುದನ್ನೇ ಬಿಟ್ಟರು. ಹೋದ ವರ್ಷದ ಬಾಗಿನವೂ ಬಂತು, ಅದರ ಜೊತೆ ಒಂದು ಚೀಟಿಯೂ ಇರಲಿಲ್ಲ. ಆಗಲೇ ನನಗೆ ಗೊತ್ತಾಗಬೇಕಿತ್ತು.

ಉಪ್ಪುನೀರು ಹಾಕಿದ್ದು ತಪ್ಪು. ಅದನ್ನು ಅವರೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಎಷ್ಟು ಹೇಳಬೇಕೋ ಅಷ್ಟನ್ನೂ ಹೇಳು. ಕುಡಿಯಲು ನೀರು ಕೊಡಲಿಲ್ಲ, ಒಂದು ಮಗು ಸತ್ತಿತು, ಆಮೇಲೆ ಹೀಗಾಯಿತು, ನಾನೂ ಕಂಡೆ, ಕಂಡು ಸುಮ್ಮನಿದ್ದೆ. ಇಷ್ಟು ಹೇಳಿದರೆ ನಿನ್ನ ನಾಲಗೆ ಬಿದ್ದುಹೋಗುವುದಿಲ್ಲ. ಪಿಳ್ಳಮ್ಮ ತಾನೂ ಬರುತ್ತೇನೆ ಅನ್ನುತ್ತಿದ್ದಾಳೆ. "ನನ್ ಮೊಮ್ಮಗಳ ಹೆಸ್ರು ಆ ಆಪೀಸ್ನಾಗೆ ಒಂದ್ಸಲನಾದ್ರೂ ಬರ್ಲಿ ತಾಯಿ" ಅಂದಳು.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಬಾರದು ಅಂದುಕೊಂಡಿದ್ದೆ. ಮುಖ ನೋಡಿಯೇ ಕೇಳಿದರು, ಓದಿದೆ. ಆಮೇಲೆ "ಅನುಸೂಯಂಗೆ ಎಷ್ಟ್ ತಿಂಗ್ಳಂತೆ?" ಅಂತ ಕೇಳಿದರು. ಇದು ನಿನ್ನ ಭಾವ. ನಾನು ಕಳಿಸುವುದಿಲ್ಲ ಅಂದಿದ್ದೇನೆ. ನೀನು ನಿಜ ಹೇಳುತ್ತೇನೆ ಅಂತ ಬರೆದುಕೊಟ್ಟರೆ ಮಾತ್ರ ಕಳಿಸುತ್ತೇನೆ.

ಮುನಿತಾಯಮ್ಮ

*

ಬಂದರು
14 ಏಪ್ರಿಲ್ 1970

ಮುನಿತಾಯಿಗೆ ಜವರಪ್ಪ ಹೇಳಿ ಬರೆಸೋದು.

ಧಕ್ಕೆ ಹತ್ರದ ಹೋಟ್ಲಿನೋರು ಬರ್ಕೊಡ್ತಾ ಇದಾರೆ. ನಾನು ಹೇಳ್ದಂಗೇ ಬರೀರಿ ಅಂದಿದ್ದೀನಿ. ನಿಂಗೆ ಹೇಳ್ದೆ ಬಂದ್ಬಿಟ್ಟೆ, ಬೈಬೇಡ. ಪೊಲೀಸ್ನೋರು ಮನೆ ಬಾಗ್ಲಿಗೆ ಬಂದು ನೀನು ಅವರ ಮುಂದೆ ನಿಂತ್ಕಳೋದು ನಂಗೆ ಬೇಡವಾಗಿತ್ತು.

ವಿಚಾರಣೆ ಆಯ್ತು. ದೊಡ್ಡ ಮೇಜು, ಮೂರ್ ಜನ ಸಾಹೇಬ್ರು. ನೀವೇ ಹಾಕಿದ್ದಾ ಅಂದ್ರು, ಹೌದು ಸ್ವಾಮಿ ಅಂದೆ. ಯಾಕೆ ಅಂದ್ರು. ಕುಡಿಯಕ್ಕೆ ನೀರಿರ್ಲಿಲ್ಲ, ಒಂದ್ ಕೂಸು ಹೋಯ್ತು ಅಂದೆ. ಪಿಳ್ಳಮ್ಮನ ಮೊಮ್ಮಗಳು ಲಕುಮಿ ಅಂತ ಹೆಸ್ರೂ ಹೇಳ್ದೆ, ಅವಳಿಗೆ ತಿಳ್ಸು. ಬರ್ಕಂಡ್ರೋ ಇಲ್ವೋ ನಂಗೆ ಕಾಣ್ಲಿಲ್ಲ. ಆಮೇಲೆ, ಇದು ಬೇರೆ ಯಾರಿಗೆ ಗೊತ್ತಿತ್ತು ಅಂತ ಕೇಳಿದ್ರು.

ಸಂಜೀವ ಅಲ್ಲೇ ಗೋಡೆ ಪಕ್ಕ ನಿಂತಿದ್ದ. ಅವ್ನೇ ಹೇಳ್ತಾನೆ ಅಂತ ಒಂದ್ಗಳಿಗೆ ಕಾದೆ. ಕಿಟಕಿ ಕಡೆ ನೋಡ್ತಾ ನಿಂತ್ಕಂಡ. ಯಾರಿಗೂ ಗೊತ್ತಿರ್ಲಿಲ್ಲ ಸ್ವಾಮಿ ಅಂದ್ಬಿಟ್ಟೆ. ನಿಂಗೆ ಸಿಟ್ಟು ಬರ್ತದೆ, ಗೊತ್ತು. ನೀನು ಸೊಂಟದ ಮೇಲೆ ಹೊತ್ತು ಸಾಕಿದ್ ಹುಡ್ಗ ಅವ್ನು. ಅವ್ನ ಬಾಯ್ಗೆ ಮಣ್ ಹಾಕಿ ಮನೆಗ್ ಬಂದು ನಿನ್ ಮುಖ ಹೆಂಗೆ ನೋಡ್ಲಿ?

ಕೇಸು ಬೇಡ, ಕೆಟ್ಟಿದ್ದನ್ನೆಲ್ಲ ಒಡೆದು ತೆಗೆದ್ಕೊಟ್ಟು ಹೋಗು ಅಂದವ್ರೆ. ಮಳೆ ಹಿಡಿಯೋವರ್ಗೂ ಇರ್ಬೇಕು. ನಾನೇ ಕಲ್ಸಿದ್ದನ್ನ ನಾನೇ ಒಡೀತಿದ್ದೀನಿ. ಈಗ ಪೀಪಾಯಿಗೆಲ್ಲ ಬೀಗ ಹಾಕವ್ರೆ. ಹೊಸ ಕಾಂಕ್ರೀಟ್‌ಗೆ ಬಿಟ್ರೆ ಯಾರಿಗೂ ತೆಗೆಯಂಗಿಲ್ಲ, ಬೀಗದ್ಕೈ ಸಂಜೀವನ ಸೊಂಟದಾಗೈತೆ. ನಿನ್ನೆ ಬಿಸ್ಲಲ್ಲಿ ಬಾಯಿ ಒಣಗಿ ಹೋಗಿ ಒಂದ್ ಚೊಂಬು ಕೇಳ್ದೆ. "ರೂಲ್ಸು ಭಾವ, ನಿಮ್ಮಿಂದಾನೇ ಆಗಿರೋ ರೂಲ್ಸು" ಅಂದ. ಮರಳಿನ ಗುಂಡಿ ನೀರು ಐತೆ, ಅದನ್ನೇ ಕುಡೀತೀನಿ. ಸ್ವಲ್ಪ ಸವುಳು, ಏನಾಗಲ್ಲ. ನೀನು ಅವ್ನಿಗೆ ಕಾಗ್ದ ಬರ್ದು ಬೈಬೇಡ.

ಜವರಪ್ಪ
(ಹೆಬ್ಬೆಟ್ಟು)

*

ಬಂದರು ಕ್ಯಾಂಪು
26 ಆಗಸ್ಟ್ 1970

ಅಕ್ಕನಿಗೆ ಸಂಜೀವ ಮಾಡುವ ಸಾಷ್ಟಾಂಗ ನಮಸ್ಕಾರ.

ಮಾರ್ಚ್‌ನಿಂದ ನೀನು ಒಂದು ಸಾಲೂ ಬರೆದಿಲ್ಲ. ನಿನ್ನ ಸಿಟ್ಟು ನನಗೆ ಗೊತ್ತಿಲ್ಲದ್ದೇ? ಚಿಕ್ಕಂದಿನಲ್ಲಿ ಹೊಡೆದು, ಆಮೇಲೆ ನೀನೇ ಕರೆದು ಬೆಲ್ಲ ಕೊಡುತ್ತಿದ್ದೆ. ಗೌರಿಹಬ್ಬ ಬಂದರೆ ಎಲ್ಲ ಕರಗುತ್ತದೆ ಅಂತ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ದೇವರ ದಯೆಯಿಂದ ವಿಚಾರಣೆ ಮುಗಿದು ನನ್ನ ಮೇಲೆ ಏನೂ ಬರಲಿಲ್ಲ. ಅನುಸೂಯ ಗಂಡು ಮಗು ಹೆತ್ತಿದ್ದಾಳೆ. ಧಕ್ಕೆಯ ಅರ್ಧ ಕಂಬಗಳಿಗೆ ಮಳೆಗೆ ಮುಂಚೆಯೇ ಹೊಸದಾಗಿ ಕಾಂಕ್ರೀಟು ಆಯಿತು, ಮಳೆ ಬಿಟ್ಟ ಮೇಲೆ ಉಳಿದದ್ದೂ ಮುಗಿಯುತ್ತದೆ. ಈ ಸಲ ಒಂದು ತೊಟ್ಟು ಉಪ್ಪುನೀರು ಸೋಕಿಲ್ಲ. ಸಂಕ್ರಾಂತಿ ಹೊತ್ತಿಗೆ ದೊಡ್ಡ ಹಡಗು ಬರುತ್ತದೆ. ನೀನೂ ಭಾವನೂ ಬಂದು ನೋಡಬೇಕು.

ಭಾವ ಜೂನ್‌ನಲ್ಲಿ ನನಗೆ ಹೇಳದೆ ಹೊರಟುಹೋದರು. ಮೈ ಸರಿಯಿರಲಿಲ್ಲ ಅಂತ ಯಾರೋ ಅಂದರು. ಇಷ್ಟು ಹೊತ್ತಿಗೆ ಸುಧಾರಿಸಿರಬೇಕು. ಬೀಗದ ವಿಷಯವನ್ನು ಅವರು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ಮೇಲಿನವರ ಆರ್ಡರು, ನಾನೇನು ಮಾಡಲಿ? ಮಳೆಗಾಲ ಕಳೆದ ಮೇಲೆ ಅವರಿಗೆ ಇಲ್ಲೇ ಕಾವಲಿನ ಕೆಲಸ ಕೊಡಿಸುತ್ತೇನೆ, ಕೂತು ತಿನ್ನಲಿ.

ದೇವನಹಳ್ಳಿಯ ಲಾರಿ ಡ್ರೈವರ್ ಮುನಿಶಾಮಪ್ಪನ ಕೈಯಲ್ಲಿ ಬಾಗಿನ ಕಳಿಸಿದ್ದೇನೆ. ಈ ವರ್ಷ ಅನುಸೂಯ ತಾನೇ ಆರಿಸಿದ ಹಸಿರು ಬಳೆ ಇದೆ. ತೊಟ್ಟುಕೊಂಡು ನನ್ನ ಮಗನನ್ನು ಹರಸು.

ನಿನ್ನ ತಮ್ಮ
ಸಂಜೀವ

*

ದೊಡ್ಡಬೆಳವಂಗಲ
6 ಸೆಪ್ಟೆಂಬರ್ 1970

ಸಂಜೀವಪ್ಪನವರಿಗೆ,

ನಿಮ್ಮ ಲಾರಿಯ ಮುನಿಶಾಮಪ್ಪ ಹಬ್ಬದ ಬೆಳಿಗ್ಗೆ ಬಂದರು. ಎರಡೂ ಕೈಯಲ್ಲಿ ಮೊರ ಹಿಡಿದು, ನಗುನಗುತ್ತಾ ಅಂಗಳಕ್ಕೆ ಕಾಲಿಟ್ಟರು. "ತವರಿನ ಬಾಗಿನ ಕಣಮ್ಮಾ" ಅಂದರು. ನಾನು ಬಾಗಿಲಿಗೆ ಬಂದೆ. ನನ್ನ ಹಣೆ ನೋಡಿದರು, ಕೈ ನೋಡಿದರು. ಪಾಪ, ಮೊರವನ್ನು ಎಲ್ಲಿ ಇಡಬೇಕು ಅಂತ ತಿಳಿಯದೆ ಅಂಗಳದ ನಡುವೆ ನಿಂತೇ ಇದ್ದರು. ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮುತ್ತೈದೆಯರಿಗೆ ಕೊಡುವ ಬಾಗಿನವನ್ನು ಗಂಡ ಸತ್ತವಳ ಮನೆಗೆ ಹಬ್ಬದ ದಿನ ಕಳಿಸಿದ ತಮ್ಮ ಈ ಸೀಮೆಯಲ್ಲಿ ನೀವೊಬ್ಬರೇ ಇರಬೇಕು.

ಅವರು ಆಷಾಢದಲ್ಲಿ ಹೋದರು. ಜೂನ್‌ನಲ್ಲಿ ಬಸ್ಸಿನಿಂದ ಇಳಿದಾಗಲೇ ಕಣ್ಣು ಹಳದಿಯಾಗಿತ್ತು, ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಬಹಳ ಕಷ್ಟಪಟ್ಟರು. ಎಲ್ಲಿ ಇಂಥ ಕೆಟ್ಟ ನೀರು ಕುಡಿದಿರಿ ಅಂತ ಕೇಳಿದರು. ಇವರು ನನ್ನ ಕಡೆ ನೋಡಿ, ನೆನಪಿಲ್ಲ ಅಂದರು.

ಮಲಗಿದ್ದಾರೆ ಅಂತ ಸುದ್ದಿ ಹೋಯಿತು. ಎಲ್ಲೆಲ್ಲಿ ಇವರು ಬಾವಿ ಕಟ್ಟಿದ್ದರೋ ಅಲ್ಲಿಂದೆಲ್ಲ ಜನ ಬಂದರು. ಒಬ್ಬೊಬ್ಬರ ಕೈಯಲ್ಲೂ ಅವರವರ ಬಾವಿಯ ನೀರು. ಕೊನೆಗೆ ಬಾಯಿಗೆ ನೀರು ಬಿಡುವಾಗ ಸಾಲಾಗಿ ಬಂದು ಒಂದೊಂದು ಹನಿ ಬಿಟ್ಟರು. ಪಿಳ್ಳಮ್ಮನೂ ಬಿಟ್ಟಳು. ಯಾರೋ ನಿಮಗೆ ತಂತಿ ಕೊಡೋಣ ಅಂದರು. ಬೇಡ ಅಂದವಳು ನಾನೇ. ಸೊಂಟದಲ್ಲಿ ಬೀಗದಕೈ ಸಿಕ್ಕಿಸಿಕೊಂಡವನು ಅವರ ಬಾಯಿಗೆ ನೀರು ಬಿಡಲು ಬರುವುದು ನನಗೆ ಬೇಡವಾಗಿತ್ತು.

ಪ್ರಜ್ಞೆ ತಪ್ಪುವ ಮುಂಚೆ ಅವರು ಕೇಳಿದರು, "ಸಂಜೀವ ಬಂದ್ನಾ?" ದಾರಿಯಲ್ಲಿದ್ದಾನೆ ಅಂದೆ. ಅವರು ಆ ಸಾಹೇಬರ ಮುಂದೆ ನನಗಾಗಿ ಸುಳ್ಳು ಹೇಳಿದ್ದರು, ನಾನು ಅವರಿಗಾಗಿ ಇದನ್ನು ಹೇಳಿದೆ. ನಂಬಿ ಕಣ್ಣು ಮುಚ್ಚಿದರು. ಅದಕ್ಕೇ ನನಗೆ ಈಗ ನಿದ್ದೆ ಬರುವುದಿಲ್ಲ.

ಮೊರವನ್ನು ಹೇಗೆ ಬಂತೋ ಹಾಗೇ ಮುನಿಶಾಮಪ್ಪನ ಕೈಯಲ್ಲಿ ವಾಪಸು ಕಳಿಸಿದ್ದೇನೆ. ಬಳೆಯನ್ನು ಅನುಸೂಯಳಿಗೆ ಕೊಡಿ, ಆ ಹುಡುಗಿಯದೇನೂ ತಪ್ಪಿಲ್ಲ. ಮಗು ಚೆನ್ನಾಗಿರಲಿ. ಅದನ್ನು ಮನಸ್ಸಾರೆ ಹರಸುತ್ತೇನೆ, ಅದಕ್ಕೆ ಕಾಯಿಸಿ ಆರಿಸಿದ ನೀರನ್ನೇ ಕುಡಿಸಿ. ಧಕ್ಕೆ ನೋಡಲು ನಾನು ಬರುವುದಿಲ್ಲ. ಈ ಸಲ ಅದು ಗಟ್ಟಿಯಾಗಿಯೇ ನಿಲ್ಲುತ್ತದೆ. ಯಾರ ಪಾಲಿನ ನೀರು ಕುಡಿದು ನಿಂತಿದೆ ಅಂತ ನನಗೆ ಗೊತ್ತು, ನಿಮಗೂ ಗೊತ್ತು.

ಅವರ ಚೊಂಬು ನನ್ನ ಹತ್ತಿರ ಇದೆ. ನೀವು ಅಂದು ಕುಡಿದದ್ದು ಅದರಲ್ಲೇ. ಎಂದಾದರೂ ಈ ದಾರಿಯಲ್ಲಿ ಬಂದರೆ, ಬಾಯಾರಿದ್ದರೆ, ಬಾಗಿಲಲ್ಲಿ ನಿಂತು ನೀರು ಕೇಳಿ. ದಾರಿಹೋಕರಿಗೆ ಕೊಡುವ ಹಾಗೆ ನಿಮಗೂ ತುಂಬಿಸಿ ಕೊಡುತ್ತೇನೆ. ಈ ಮನೆಯಲ್ಲಿ ನೀರಿಗೆ ಬೀಗ ಹಾಕಿದವರಿಲ್ಲ. ಆದರೆ ಕುಡಿದಾದ ಮೇಲೆ ನನ್ನನ್ನು ಅಕ್ಕ ಅನ್ನಬೇಡಿ.

ದೊಡ್ಡಬೆಳವಂಗಲದ ವಾಸಿ ಜವರಪ್ಪನವರ ಹೆಂಡತಿ
ಮುನಿತಾಯಮ್ಮ